ಡಬ್ಬಿ ಮೇಲಿನ ಟಿಬಿ, ಕೈಗೆ ಸಿಗುವ ಟಿಬಿ: ಒಂದು ಸ್ಟುಡಿಯೊಗೆ ರೇಡ್ ಲೆಕ್ಕ ಹಾಕಿದ ಅನುಭವ

ವಿಜಯಪುರದಲ್ಲಿ ನನ್ನದು ಕಂಪ್ಯೂಟರ್ ಸರ್ವಿಸ್ ಕೆಲಸ. ಅಂಗಡಿ, ದವಾಖಾನೆ, ಸ್ಟುಡಿಯೊ, ಎಲ್ಲೇ ಹೋದರೂ ಮೊದಲ ಪ್ರಶ್ನೆ ಒಂದೇ: ಎಷ್ಟು ಟಿಬಿ ಡಿಸ್ಕ್ ತರೋಣ? (ಟಿಬಿ ಅಂದರೆ ಟೆರಾಬೈಟ್, ಸಾವಿರ ಜಿಬಿ.) ನಾನು ಅದಕ್ಕೆ ಕೂಡಲೇ ಉತ್ತರ ಕೊಡುವುದಿಲ್ಲ. ವರ್ಷಕ್ಕೆ ಎಷ್ಟು ಡೇಟಾ ಹುಟ್ಟುತ್ತದೆ ಅಂತ ಮೊದಲು ಕೇಳುತ್ತೇನೆ. ಡಿಸ್ಕಿನ ಲೆಕ್ಕ ಅಲ್ಲಿಂದ ಶುರುವಾಗಬೇಕು.

ಗಾಂಧಿ ಚೌಕದ ಹತ್ತಿರದ ಒಂದು ಮದುವೆ ಸ್ಟುಡಿಯೊದ ಲೆಕ್ಕವನ್ನೇ ಹೇಳುತ್ತೇನೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಮದುವೆಗಳೆಲ್ಲ ಅವರಿಗೆ ಬರುತ್ತವೆ. ಕ್ಯಾಮೆರಾದಲ್ಲಿ 4ಕೆ ವಿಡಿಯೊ, ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ, ಅಂದರೆ ಗಂಟೆಗೆ 45 ಜಿಬಿ. ಅರಿಶಿನದಿಂದ ಆರತಕ್ಷತೆವರೆಗೆ ಎರಡು ಕ್ಯಾಮೆರಾ ಸೇರಿ ಎಂಟು ಗಂಟೆ ರೆಕಾರ್ಡಿಂಗ್ ಹಿಡಿಯಿರಿ, 360 ಜಿಬಿ ಆಯಿತು. 30 ಎಂಬಿಯ ರಾ ಫೋಟೊ 3000 ಅಂದರೆ ಇನ್ನೊಂದು 90 ಜಿಬಿ. ಎಡಿಟಿಂಗ್ ಫೈಲು, ಕೊನೆಯ ವಿಡಿಯೊ ಎಲ್ಲ ಸೇರಿಸಿ ಒಂದು ಮದುವೆಗೆ 500 ಜಿಬಿ ಅಂತ ಬರೆದುಕೊಂಡೆವು. ವರ್ಷಕ್ಕೆ 30 ಮದುವೆ ಹಿಡಿದರೆ 15 ಟಿಬಿ.

ಹಾಗಂತ 15 ಟಿಬಿ ಜಾಗ ಇದ್ದರೆ ಸಾಲದು. ವಾಲ್ಯೂಮ್ (ಡೇಟಾ ಇಡುವ ಒಟ್ಟು ಜಾಗ) ಕಂಠಪೂರ್ತಿ ತುಂಬಿದರೆ ಬರೆಯುವ ವೇಗ ಬೀಳುತ್ತದೆ, ಎಡಿಟಿಂಗ್ ನಡುವೆಯೇ ಜಾಗ ಮುಗಿಯುವ ಭಯ ಬೇರೆ. ನೂರಕ್ಕೆ 80ಕ್ಕಿಂತ ಜಾಸ್ತಿ ತುಂಬದ ಹಾಗೆ ನಾನು ಲೆಕ್ಕ ಇಡುತ್ತೇನೆ. 15ನ್ನು 0.8ರಿಂದ ಭಾಗಿಸಿದರೆ 18.75. ನಮಗೆ ಬೇಕಾದ ಸಂಖ್ಯೆ ಇದು. ಡಿಸ್ಕಿನ ಮಾತು ಇದರ ನಂತರ.

ಮಾಲೀಕರ ಮನಸ್ಸಿನಲ್ಲಿ 8 ಟಿಬಿಯ ನಾಲ್ಕು ಡಿಸ್ಕ್ ಇದ್ದವು. "ನಾಲ್ಕ ಎಂಟ್ಲೆ ಮೂವತ್ತೆರಡು, ಬೇಕಾದಷ್ಟು ಆತಲ್ರೀ ಸರ" ಅಂದರು. ಹಾಳೆ ಮೇಲೆ ಬರೆದು ತೋರಿಸಿದೆ. ರೇಡ್ ಅಂದರೆ ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನ ಹಾಗೆ ಜೋಡಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಮಾಡುವ ವಿಧಾನ; 5, 6, 10 ಅದರ ಬಗೆಗಳು. ರೇಡ್ 5 ಮಾಡಿದರೆ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ ಹೋಗುತ್ತದೆ, ಉಳಿಯುವುದು 24. ರೇಡ್ 6ರಲ್ಲಿ ಎರಡು ಡಿಸ್ಕಿನಷ್ಟು ಹೋಗುತ್ತದೆ, ಉಳಿಯುವುದು 16. ರೇಡ್ 10ರಲ್ಲಿ ಪ್ರತಿಯೊಂದಕ್ಕೂ ಜೋಡಿ ನಕಲು ಇರುವುದರಿಂದ ಅರ್ಧ, ಅದೂ 16. ಪ್ಯಾರಿಟಿ ಯಾಕೆ ಬೇಕು ಅಂದರೆ, ಮೂರು ಸಂಖ್ಯೆ ಮತ್ತು ಅವುಗಳ ಮೊತ್ತ ಬರೆದಿಟ್ಟಿದ್ದರೆ ಒಂದು ಸಂಖ್ಯೆ ಅಳಿಸಿ ಹೋದರೂ ಮತ್ತೆ ಕಂಡುಹಿಡಿಯಬಹುದು ಅಲ್ವಾ, ಹಾಗೆ. ಆ ಮೊತ್ತ ಬರೆಯಲೂ ಜಾಗ ಬೇಕು.

24 ಸಿಗುತ್ತದೆ ಅಂದಮೇಲೆ ರೇಡ್ 5 ಸಾಕಲ್ಲ? ನನ್ನ ಮಟ್ಟಿಗೆ ಸಾಲದು. ಒಂದು ಡಿಸ್ಕ್ ಕೆಟ್ಟು ಹೊಸದು ಹಾಕಿದಾಗ ಉಳಿದ ಮೂರನ್ನೂ ಮೊದಲಿಂದ ಕೊನೆಯವರೆಗೆ ಓದಿ ಡೇಟಾ ಮತ್ತೆ ಕಟ್ಟಬೇಕು. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 8 ಟಿಬಿಗೆ ಸುಮಾರು 15 ಗಂಟೆ. ಜೊತೆಗೆ ಕೆಲಸವೂ ನಡೆಯುತ್ತಿದ್ದರೆ ಇನ್ನೂ ಜಾಸ್ತಿ. ನಮ್ಮ ಊರಿನ ಬೇಸಿಗೆಯಲ್ಲಿ, ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳು ಅಷ್ಟು ಹೊತ್ತು ಎಡೆಬಿಡದೆ ಓಡುತ್ತಿರುವಾಗ ಇನ್ನೊಂದು ಕೈಕೊಟ್ಟರೆ ರೇಡ್ 5 ಉಳಿಯುವುದಿಲ್ಲ. ಮದುವೆಯನ್ನು ಎರಡನೇ ಸಲ ಶೂಟ್ ಮಾಡಲು ಆಗುತ್ತದೆಯೇ? ಅದಕ್ಕೇ ನಾನು ರೇಡ್ 6 ಅಂತ ಪಟ್ಟು ಹಿಡಿದೆ. ನಾಲ್ಕು ಡಿಸ್ಕಿನಲ್ಲಿ ಸಿಗುವ 16 ನಮ್ಮ 18.75ಕ್ಕೆ ಸಾಲದು. ನಾಲ್ಕರ ಬದಲು ಐದು ಡಿಸ್ಕ್ ಹಾಕಿದರೆ ಐದರಲ್ಲಿ ಎರಡು ಕಳೆದು, ಮೂರು ಎಂಟ್ಲೆ 24. ಒಂದು ಡಿಸ್ಕಿನ ಖರ್ಚು ಜಾಸ್ತಿ, ನಿಜ. ಆದರೆ ಎರಡು ಒಟ್ಟಿಗೆ ಹೋದರೂ ಡೇಟಾ ಉಳಿಯುತ್ತದೆ.

ಅವರ ಹತ್ತಿರ 4 ಟಿಬಿಯ ಎರಡು ಹಳೆಯ ಡಿಸ್ಕ್ ಇದ್ದವು. ಅವನ್ನೂ ಸೇರಿಸಿ, ಹೊಸದು ಮೂರೇ ತರೋಣ ಅಂದರು. ಮಾಮೂಲಿ ರೇಡ್‌ನಲ್ಲಿ ಎಲ್ಲಕ್ಕಿಂತ ಸಣ್ಣ ಡಿಸ್ಕಿನ ಅಳತೆಯೇ ಎಲ್ಲಕ್ಕೂ. 8ರ ಮೂರು, 4ರ ಎರಡು ಹಾಕಿದರೆ ರೇಡ್ 6ರಲ್ಲಿ ಸಿಗುವುದು ಮೂರು ನಾಲ್ಕ್ಲೆ 12 ಮಾತ್ರ. ಹೊಸ ಡಿಸ್ಕುಗಳ ಅರ್ಧ ಜಾಗ ಸುಮ್ನೆ ಬಿದ್ದಿರುತ್ತದೆ. ಹಳೆಯ ಎರಡನ್ನೂ ಬ್ಯಾಕಪ್‌ಗೆ ಇಡಿಸಿದೆ. ತಲುಪಿಸಿದ ವಿಡಿಯೊ ಮತ್ತು ಆಲ್ಬಮ್‌ನ ನಕಲು ಅವುಗಳಲ್ಲಿ, ಸ್ಟುಡಿಯೊದಲ್ಲಲ್ಲ, ಮನೆಯಲ್ಲಿ. ರೇಡ್ ಇದೆ ಅಂತ ಬ್ಯಾಕಪ್ ಬಿಡುವ ಹಾಗಿಲ್ಲ. ತಪ್ಪಿ ಅಳಿಸಿದ ಫೈಲು ರೇಡ್‌ನಲ್ಲೂ ಅಳಿಸಿಯೇ ಹೋಗುತ್ತದೆ.

ಐದೂ ಹೊಸ ಡಿಸ್ಕನ್ನು ಲಿನಕ್ಸ್ ಓಡುವ ಸ್ಟೋರೇಜ್ ಪೆಟ್ಟಿಗೆಗೆ ಜೋಡಿಸಿ, ನೆಟ್‌ವರ್ಕ್ ಮೂಲಕ ವಿಂಡೋಸ್‌ನಲ್ಲಿ ತೆರೆದಾಗ ಮಾಲೀಕರ ಮುಖ ಸಣ್ಣದಾಯಿತು. "24 ಅಂದಿದ್ರಿ, ಇಲ್ಲಿ 21 ಚಿಲ್ರ ತೋರಸಾಕತ್ತೈತಲ್ರೀ. ಉಳಿದದ್ದು ಎಲ್ಲಿ ಹೋತ್ರೀ?" ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಡಿಸ್ಕ್ ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಹೀಗಾಗಿ ಡಬ್ಬಿ ಮೇಲಿನ 8 ಟಿಬಿ ಪರದೆ ಮೇಲೆ 7.28, 24 ಟಿಬಿ 21.8. ಬೈಟುಗಳು ಅಷ್ಟೇ ಇವೆ, ಒಂದೂ ಕಳೆದಿಲ್ಲ. ನಾನು ಹಾಳೆ ಮೇಲೆ ಎಲ್ಲವನ್ನೂ ಸಾವಿರದ ಲೆಕ್ಕದಲ್ಲೇ ಹಾಕಿ, ಪರದೆಯಲ್ಲಿ ಎಷ್ಟು ಕಾಣುತ್ತದೆ ಅಂತ ತಿಳಿಯಲು ಕೊನೆಗೆ 0.909ರಿಂದ ಗುಣಿಸುತ್ತೇನೆ. ನಡುವೆ ಎರಡೂ ಲೆಕ್ಕ ಬೆರೆಸಿದರೆ ಗೊಂದಲ ಖಂಡಿತ.

ನಿಜವಾಗಿ ಕಡಿಮೆಯಾಗುವುದು ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್‌ನಲ್ಲಿ. ಲಿನಕ್ಸ್‌ನ ಎಕ್ಸ್ಟ್4 ತನ್ನಷ್ಟಕ್ಕೆ ನೂರಕ್ಕೆ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆ (ಸಿಸ್ಟಮ್ ನೋಡಿಕೊಳ್ಳುವವನಿಗೆ) ಕಾದಿರಿಸುತ್ತದೆ. 24 ಟಿಬಿಯಲ್ಲಿ ಅದು 1.2 ಟಿಬಿ, ಎರಡು ಮದುವೆಗಿಂತ ಹೆಚ್ಚು. ಬರೀ ಡೇಟಾ ಇಡುವ ವಾಲ್ಯೂಮಿಗೆ ಅಷ್ಟು ಬೇಕಿಲ್ಲ. ಟ್ಯೂನ್2ಎಫ್ಎಸ್ ಕಮಾಂಡ್‌ನಿಂದ ಅದನ್ನು ನೂರಕ್ಕೆ 1ಕ್ಕೆ ಇಳಿಸಿದೆ. ಸ್ನ್ಯಾಪ್‌ಶಾಟ್ (ಡೇಟಾ ಒಂದು ಹೊತ್ತಿನಲ್ಲಿ ಇದ್ದ ಸ್ಥಿತಿಯ ಗುರುತು) ಇಡುವವರು ಅದಕ್ಕೂ ಬೇರೆ ಜಾಗ ಎತ್ತಿಡಬೇಕು.

ಇಷ್ಟಾದ ಮೇಲೆ ಒಂದು ವರ್ಷದ 15 ಟಿಬಿ ಹಾಕಿದರೂ ಮೂರರಲ್ಲಿ ಸುಮಾರು ಎರಡು ಭಾಗ ಮಾತ್ರ ತುಂಬುತ್ತದೆ. ಸ್ಟೋರೇಜ್ ಪೆಟ್ಟಿಗೆಯಲ್ಲಿ ಆರು ಸ್ಲಾಟ್ ಇವೆ. ಮುಂದೆ ಇನ್ನೊಂದು 8 ಟಿಬಿ ಡಿಸ್ಕ್ ಸೇರಿಸಿದರೆ ಪ್ಯಾರಿಟಿಗೆ ಹೊಸದಾಗಿ ಏನೂ ಕೊಡಬೇಕಿಲ್ಲ, ಪೂರ್ತಿ 8 ಟಿಬಿಯೂ ಬಳಕೆಗೆ ಬರುತ್ತದೆ. ಸೇರಿಸುವ ಮುಂಚೆ ಬ್ಯಾಕಪ್ ಸರಿ ಇದೆಯೇ ಅಂತ ಫೈಲು ತೆರೆದು ನೋಡಿ, ಆಮೇಲೆ ಫೋನ್ ಮಾಡಿ ಅಂತ ಹೇಳಿ ಬಂದಿದ್ದೇನೆ.