ಸಿಗ್ನಲ್ ಹೋದದ್ದನ್ನು ಹದಿನಾರು ಮೈಕ್ರೊಸೆಕೆಂಡಿನಲ್ಲಿ ಹಿಡಿದದ್ದು: ನನ್ನ ಅನುಭವ

ಗದಗದ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ನಿಯಂತ್ರಣ ಕೊಠಡಿಯೊಂದಕ್ಕೆ ಎರಡು ಇ-1 ಲೈನುಗಳು (ಫೋನ್ ಕರೆ, ಡೇಟಾ ಎರಡನ್ನೂ ಒಯ್ಯುವ ಡಿಜಿಟಲ್ ಲೈನು) ಬರುತ್ತವೆ. ಒಂದು ರೇಡಿಯೊದಿಂದ, ಇನ್ನೊಂದು ಫೈಬರ್ ಮೋಡೆಮ್‌ನಿಂದ. ಒಂದು ಸತ್ತರೆ ಇನ್ನೊಂದಕ್ಕೆ ಹೊರಳುವ ಪೆಟ್ಟಿಗೆ ಬೇಕೆಂದು ಅವರು ಕೇಳಿದರು. ಅಲ್ಲಿದ್ದ ಹಳೆಯ ಪೆಟ್ಟಿಗೆಯಲ್ಲಿ ಮೈಕ್ರೊಕಂಟ್ರೋಲರ್ ಒಂದು 50 ಮಿಲಿಸೆಕೆಂಡಿಗೊಮ್ಮೆ ಲೈನ್ ಚಿಪ್ಪನ್ನು ವಿಚಾರಿಸಿ, ಆಮೇಲೆ ರಿಲೇ ಎಳೆಯುತ್ತಿತ್ತು. ಅಷ್ಟರಲ್ಲಿ ಮಲ್ಟಿಪ್ಲೆಕ್ಸರ್ (ಹಲವು ಸಂಪರ್ಕಗಳನ್ನು ಒಂದೇ ಲೈನಿಗೆ ಸೇರಿಸಿ ಬಿಡಿಸುವ ಯಂತ್ರ) ಫ್ರೇಮ್, ಅಂದರೆ ಬಿಟ್‌ಗಳ ಕಂತು ಎಲ್ಲಿ ಶುರುವಾಗುತ್ತದೆಂಬ ಗುರುತು, ಕಳೆದುಕೊಂಡು, ಎಲ್ಲ ಯಂತ್ರಗಳ ಡೇಟಾ ಸಂಪರ್ಕ ಮತ್ತೆ ಕೂಡಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಫ್ರೇಮ್ ಕಳೆಯದಂತೆಯೇ ಹೊರಳಿಸುತ್ತೇನೆ ಎಂದು ನಾನು ಹೇಳಿದಾಗ ಹುಬ್ಬಳ್ಳಿಯಲ್ಲಿ ಇದೇ ಉದ್ಯೋಗದ ಹಿರಿಯರೊಬ್ಬರು ನಕ್ಕು, "ಅಷ್ಟ ಅವಸರ ಯಾಕ್ರೀ ತಮ್ಮಾ, ಛಲೋ ರಿಲೇ ಹಾಕಿ ಕೈ ತೊಳಕೊಳ್ರಿ" ಎಂದರು.

ಅವಸರಕ್ಕೆ ಕಾರಣವಿತ್ತು. ಫ್ರೇಮ್ ಗುರುತಿನ ಪದ 250 ಮೈಕ್ರೊಸೆಕೆಂಡಿಗೊಮ್ಮೆ ಬರುತ್ತದೆ. ಸತತ ಮೂರು ಸಲ ಅದು ತಪ್ಪಿದರೆ ಫ್ರೇಮ್ ಹೋಯಿತೆಂದೇ ಲೆಕ್ಕ. ಸಾಮಾನ್ಯ ರಿಲೇ ಕೂಡಲು ಮೂರು ನಾಲ್ಕು ಮಿಲಿಸೆಕೆಂಡ್ ಬೇಕು. ಆದ್ದರಿಂದ ಎರಡೂ ಲೈನುಗಳನ್ನು ಸದಾ ಸ್ವೀಕರಿಸುತ್ತಲೇ ಇದ್ದು, ಒಂದು ಸಣ್ಣ ಎಫ್‌ಪಿಜಿಎ (ಬೇಕಾದ ತರ್ಕ ತುಂಬಬಹುದಾದ ಚಿಪ್) ಒಳಗೆ ಆಯ್ಕೆ ಮಾಡುವುದೆಂದು ನಿಶ್ಚಯಿಸಿದೆ. ಎರಡು ಲೈನುಗಳ ವಿಳಂಬದ ವ್ಯತ್ಯಾಸವನ್ನು ಅಲ್ಲಿ ಹೇಗೆ ಸರಿದೂಗಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಸದ್ಯ ನನ್ನ ಹೊಟ್ಟೆ ಅದರ ಮೇಲೆಯೇ ನಡೆದಿದೆ.

ಮೊದಲ ಬೋರ್ಡಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಿಗ್ನಲ್‌ನ ಮಟ್ಟವನ್ನು ಕೂಡಿಡಲು ಎರಡು 1ಎನ್4148 ಡಯೋಡ್, ಒಂದು ಕೆಪಾಸಿಟರ್, ಹಿಂದೊಂದು ಎಲ್‌ಎಂ393 ಕಂಪ್ಯಾರೇಟರ್ (ವೋಲ್ಟೇಜ್ ಗಡಿ ದಾಟಿತೇ ಎಂದು ಹೇಳುವ ಚಿಪ್). ಒಂದು ಮೈಕ್ರೊಫ್ಯಾರಡ್ ಮತ್ತು 100 ಕಿಲೋಓಮ್ ಹಾಕಿದ್ದರಿಂದ ಪ್ಲಗ್ ಕಿತ್ತ ಮೇಲೆ ಕಾಲು ಸೆಕೆಂಡಿನವರೆಗೆ ಸರ್ಕ್ಯೂಟ್ ಸಿಗ್ನಲ್ ಇದೆಯೆಂದೇ ಹೇಳುತ್ತಿತ್ತು. ಕಾಲಸ್ಥಿರಾಂಕವನ್ನು (ಕೆಪಾಸಿಟರ್ ಖಾಲಿಯಾಗುವ ವೇಗದ ಅಳತೆ) 20 ಮೈಕ್ರೊಸೆಕೆಂಡಿಗೆ ಇಳಿಸಿದೆ. ಇ-1 ಲೈನಿನ ಸಂಕೇತ ಪದ್ಧತಿಯಾದ ಎಚ್‌ಡಿಬಿ3ಯಲ್ಲಿ ಸತತ ಮೂರಕ್ಕಿಂತ ಹೆಚ್ಚು ಸೊನ್ನೆ ಬರುವುದಿಲ್ಲವಾದ್ದರಿಂದ ನಡುವಿನ ಇಳಿತ ಹತ್ತರಲ್ಲೊಂದು ಪಾಲು ಮಾತ್ರ; ಅದನ್ನು ಸಹಿಸಬಹುದು. ಸಹಿಸಲಾಗದ್ದು ಬೇರೆ ಇತ್ತು. 3 ವೋಲ್ಟ್ ಇದ್ದ ಲೈನ್ ಸತ್ತರೆ 0.3 ವೋಲ್ಟಿನ ಗಡಿಗೆ ಇಳಿಯಲು 46 ಮೈಕ್ರೊಸೆಕೆಂಡ್, ಒಂದು ವೋಲ್ಟಿಗೆ ಸೊರಗಿದ್ದ ಲೈನ್ ಸತ್ತರೆ ಅದರ ಅರ್ಧ. ಸಿಗ್ನಲ್ ಗಟ್ಟಿ ಇದ್ದಷ್ಟೂ ಅದರ ಸಾವು ತಡವಾಗಿ ತಿಳಿಯುತ್ತಿತ್ತು. ಮೇಲಾಗಿ ಏಪ್ರಿಲ್‌ನಲ್ಲಿ ಆ ಕೊಠಡಿಯ ರ‍್ಯಾಕಿನೊಳಗೆ 45 ಡಿಗ್ರಿ ಆದಾಗ ಡಯೋಡ್‌ನ ವೋಲ್ಟೇಜ್ 40 ಮಿಲಿವೋಲ್ಟ್ ಸರಿದು ಗಡಿಯೇ ಅಲುಗಾಡಿತು.

ಆಗ ಮಟ್ಟವನ್ನು ಕೂಡಿಡುವುದನ್ನೇ ಬಿಟ್ಟು ಪಲ್ಸ್ ಎಣಿಸುವ ದಾರಿ ಹಿಡಿದೆ. ಗಡಿ ದಾಟಿದ ಪ್ರತಿ ಪಲ್ಸ್ ಕೌಂಟರನ್ನು ಸೊನ್ನೆಗೆ ತರಬೇಕು. 32 ಬಿಟ್ ಕಾಲ, ಅಂದರೆ 15.6 ಮೈಕ್ರೊಸೆಕೆಂಡ್, ಒಂದೂ ಪಲ್ಸ್ ಬಾರದಿದ್ದರೆ ಲೈನ್ ಸತ್ತಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.775 ಶಿಫಾರಸು 10ರಿಂದ 255 ಬಿಟ್ ಕಾಲದ ಅವಕಾಶ ಕೊಡುವುದರಿಂದ ನಿಯಮಕ್ಕೂ ಇದು ಸರಿ. ಇಲ್ಲಿಯೂ ಕೈಯಲ್ಲಿದ್ದ ಎಲ್‌ಎಂ393ಯನ್ನೇ ಹಾಕಿದ್ದು ನನ್ನ ಜಿಪುಣತನ. ಪಲ್ಸಿನ ಅಗಲವೇ 244 ನ್ಯಾನೊಸೆಕೆಂಡ್. ಸಣ್ಣ ಪಲ್ಸಿಗೆ ಆ ಕಂಪ್ಯಾರೇಟರ್ ಒಂದು ಮೈಕ್ರೊಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಮೇಜಿನ ಮೇಲೆ ಚಿಕ್ಕ ಕೇಬಲ್ ಇದ್ದಾಗ ಹೇಗೋ ನಡೆಯಿತು, ಉದ್ದದ ಕೇಬಲ್‌ನಲ್ಲಿ ಕುರುಡಾಯಿತು. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಟಿಎಲ್‌ವಿ3501 ಎಂಬ ವೇಗದ ಕಂಪ್ಯಾರೇಟರ್ ತರಿಸಿದೆ, ಒಂದಕ್ಕೆ ಆಗ 250 ರೂಪಾಯಿಯ ಆಸುಪಾಸು. ಅದನ್ನು ಸಾಮಾನ್ಯ ತೂತಿನ ಬೋರ್ಡಿನ ಮೇಲೆ ಬೆಸೆದಾಗ ಇನ್‌ಪುಟ್ ಇಲ್ಲದೆಯೂ ತಾನೇ ಆಂದೋಲಿಸತೊಡಗಿತು. ಎರಡು ಸುಟ್ಟವು. ನೆಲದ ಪದರವಿರುವ ಪಿಸಿಬಿ ಮಾಡಿಸಿ, ಗಡಿಗೆ 50 ಮಿಲಿವೋಲ್ಟಿನಷ್ಟು ಹಿಸ್ಟೆರಿಸಿಸ್ (ಏರುವಾಗ ಒಂದು ಗಡಿ, ಇಳಿಯುವಾಗ ಇನ್ನೊಂದು) ಕೊಟ್ಟ ಮೇಲೆ ಸುಮ್ಮನಾಯಿತು. ಅಷ್ಟರೊಳಗೆ ಮೂರು ಸಲ ಬೋರ್ಡ್ ಮಾಡಿಸಿ 38 ಸಾವಿರದಷ್ಟು ಹೋಗಿತ್ತು. ಮೊದಲ ಪೆಟ್ಟಿಗೆಗೆ ನಾನು ಒಪ್ಪಿದ್ದ ಬೆಲೆ 28 ಸಾವಿರ.

ಸ್ಥಳದಲ್ಲಿ ನೋಡಿದರೆ ಕತ್ತರಿಸಿದ ಲೈನೂ ಜೀವಂತವೆಂದೇ ತೋರಿಸುತ್ತಿತ್ತು. ಅದೇ ಕೇಬಲ್‌ನ ಪಕ್ಕದ ಜೋಡಿಯಲ್ಲಿ ಹೋಗುವ ನಮ್ಮದೇ ಸಿಗ್ನಲ್ ಈ ಕಡೆ 350 ಮಿಲಿವೋಲ್ಟಿನಷ್ಟು ಸೋರುತ್ತಿತ್ತು. ಅದರಲ್ಲೂ ಪಲ್ಸುಗಳು ದಟ್ಟವಾಗಿಯೇ ಇರುವುದರಿಂದ ಎಣಿಕೆ ಅಲ್ಲಿ ಕೆಲಸಕ್ಕೆ ಬಾರದು, ಮಟ್ಟವೇ ಬೇಕು. ಗಡಿಯನ್ನು 0.5 ವೋಲ್ಟಿಗೆ ಏರಿಸಿದೆ. ಇದು 3 ವೋಲ್ಟಿಗಿಂತ ಸುಮಾರು 15.5 ಡೆಸಿಬೆಲ್ ಕೆಳಗೆ; ಶಿಫಾರಸು ಬಿಟ್ಟುಕೊಟ್ಟಿರುವ 9ರಿಂದ 35 ಡೆಸಿಬೆಲ್ ನಡುವಿನ ಜಾಗದಲ್ಲೇ ಬೀಳುತ್ತದೆ. ಪವರ್ ಕನ್ವರ್ಟರುಗಳ ಗದ್ದಲದ ಚಾಳಿ ಬೇರೆ. ಅದು ಗಡಿ ದಾಟುತ್ತದೆ, ಆದರೆ ಬಿಟ್ಟು ಬಿಟ್ಟು ಬರುತ್ತದೆ. ಸತ್ತ ಲೈನನ್ನು ಅರೆಗಳಿಗೆ ಬದುಕಿಸಿ ಮತ್ತೆ ಸಾಯಿಸುತ್ತದೆ. ಅದಕ್ಕಾಗಿ ಲೈನ್ ಬದುಕಿತೆಂದು ಒಪ್ಪುವುದನ್ನು ಬಿಗಿ ಮಾಡಿದೆ: ಪ್ರತಿ 32 ಬಿಟ್ ಕಾಲದಲ್ಲಿ ಕನಿಷ್ಠ ನಾಲ್ಕು ಪಲ್ಸ್, ಹಾಗೆ ಸತತ 10 ಮಿಲಿಸೆಕೆಂಡ್. ಧನ ಮತ್ತು ಋಣ ಪಲ್ಸುಗಳನ್ನು ಬೇರೆ ಬೇರೆ ಎಣಿಸಿ ಹೋಲಿಸುವ ಇನ್ನೊಂದು ಜರಡಿಯೂ ಇದೆ. ಅದರ ಅನುಪಾತವನ್ನು ನೀವೇ ಕಂಡುಕೊಳ್ಳಿ.

ನಡುವೆ ಇದೇ ಬೋರ್ಡನ್ನು ಆರ್‌ಎಸ್-485 (ಯಂತ್ರಗಳು ತಮ್ಮೊಳಗೆ ಬಿಡಿ ಸಂದೇಶ ಕಳಿಸುವ ತಂತಿ) ಲೈನಿಗೂ ಹಚ್ಚಿ ನೋಡಿದೆ. ಅಲ್ಲಿ ಎರಡು ಸಂದೇಶಗಳ ನಡುವಿನ ಮೌನವೂ ಸಾವಿನಂತೆಯೇ ಕಾಣುವುದರಿಂದ ಒಂದು ವಾರ ವ್ಯರ್ಥವಾಯಿತು. ಫೈಬರ್‌ಗೆ ಎಸ್‌ಎಫ್‌ಪಿಯ (ಫೈಬರ್ ಕೂಡಿಸುವ ಮಾಡ್ಯೂಲ್) ಎಲ್‌ಒಎಸ್ (ಸಿಗ್ನಲ್ ಹೋಯಿತೆಂದು ಹೇಳುವ) ಪಿನ್ ಸಾಕು, 100 ಮೈಕ್ರೊಸೆಕೆಂಡಿನೊಳಗೆ ಹೇಳುತ್ತದೆ. ಆದರೆ ಅದು ಓಪನ್ ಕಲೆಕ್ಟರ್ (ತಾನಾಗಿ ವೋಲ್ಟೇಜ್ ಏರಿಸದ ಪಿನ್) ಎಂಬುದನ್ನು ಮರೆತು, ಪುಲ್‌ಅಪ್ ರೆಸಿಸ್ಟರ್ ಇಲ್ಲದೆ ಒಂದು ಇಡೀ ಸಂಜೆ ಕಳೆದವನು ನಾನು.

ಪೆಟ್ಟಿಗೆ ಕೂರಿಸಿದ ದಿನ ಆ ಹಿರಿಯರೂ ಬಂದಿದ್ದರು. ಫೋನ್ ಕರೆ ನಡೆದಿದ್ದಾಗ ತಾವೇ ಹತ್ತು ಸಲ ಪ್ಲಗ್ ಕಿತ್ತರು; ಕರೆ ಕಡಿಯಲಿಲ್ಲ. "ಹೌದ್ ಬಿಡ್ರಿ" ಎಂದರು, ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಮೂರು ವಾರದ ಮೇಲೆ ಮಳೆಗೆ ರೇಡಿಯೊ ಬಿತ್ತು, ನನ್ನ ಪೆಟ್ಟಿಗೆ ಅಲುಗಲಿಲ್ಲ. ಗಾಳಿಯಲ್ಲಿ ಸಿಗ್ನಲ್ ಹೋದರೂ ರೇಡಿಯೊದ ಇ-1 ಪೋರ್ಟ್ ಸುಮ್ಮನಿರುವುದಿಲ್ಲ, ಎಐಎಸ್ (ಅಲಾರ್ಮ್ ಸೂಚಿಸುವ ಸಿಗ್ನಲ್) ಎಂದು ಬರೀ ಒಂದುಗಳನ್ನು ಸುರಿಯುತ್ತದೆ. ನನ್ನ ಸರ್ಕ್ಯೂಟಿಗೆ ಅದಕ್ಕಿಂತ ಆರೋಗ್ಯವಂತ ಲೈನ್ ಇನ್ನೊಂದಿರಲಿಲ್ಲ. ಸತತ ಎರಡು ಸಲ 512 ಬಿಟ್‌ಗಳಲ್ಲಿ ಸೊನ್ನೆಗಳು ಎರಡನ್ನು ಮೀರದಿದ್ದರೆ ಹೊರಳಬೇಕೆಂಬ ತರ್ಕವನ್ನು ಆಮೇಲೆ ಸೇರಿಸಿದೆ. ಮೊದಲು ಸ್ಥಿರ ಕಿಟಕಿಗಳಲ್ಲಿ ಎಣಿಸಿದ್ದರಿಂದ ಕೆಲವೊಮ್ಮೆ 750 ಮೈಕ್ರೊಸೆಕೆಂಡ್ ಹಿಡಿದು ಫ್ರೇಮ್ ಹೋಗುತ್ತಿತ್ತು. ಬಿಟ್ ಬಿಟ್ಟಿಗೆ ಸರಿಯುವ ಕಿಟಕಿ ಮಾಡಿದ ಮೇಲೆ 500ರ ಸುತ್ತ ನಿಂತಿದೆ, ಇಪ್ಪತ್ತರಲ್ಲಿ ಒಂದು ಸಲ ಈಗಲೂ ಫ್ರೇಮ್ ಹೋಗುತ್ತದೆ. ಆ ಒಂದಕ್ಕಾಗಿ ಶಿಫಾರಸನ್ನು ಮೀರಿ ಕಿಟಕಿಯನ್ನು 384 ಬಿಟ್‌ಗೆ ಇಳಿಸಿದ ಬೋರ್ಡೊಂದು ಈಗ ನನ್ನ ಮೇಜಿನ ಮೇಲೆ ಓಡುತ್ತಿದೆ.