ಪೇಸ್ಟು, ಜೆಲ್ಲು, ಮುರಿದ ತಂತಿ

ವಿಜಯಪುರದಲ್ಲಿ ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರಿಗೆ, ತಂತಿ ಮುರಿದಾಗ ಬೈಯಲು ಖಡಕ್ ರೊಟ್ಟಿ ಸದಾ ಸಿದ್ಧ. ನಾನೂ ವರ್ಷಗಟ್ಟಲೆ ಅದನ್ನೇ ಬೈದವನು. ಇಂಡಿ ಕಡೆಯ ಹುಡುಗಿಯೊಬ್ಬಳು ಎರಡು ತಿಂಗಳಲ್ಲಿ ಎರಡನೇ ಸಲ ಮುರಿದ ತಂತಿ ಹಿಡಿದು ಬಂದಾಗಲೂ ಮೊದಲು ಅದನ್ನೇ ಕೇಳಿದೆ.

"ರೊಟ್ಟಿ ತಿಂದ್ಯೇನವ್ವಾ?"

"ಹಾಲಾಗ ನೆನಸಿ ತಿಂತೀನ್ರಿ ಸರ್."

ಅವಳ ತಾಯಿ ನಡುವೆ ಬಾಯಿ ಹಾಕಿದರು. "ನೀವು ಕೊಟ್ಟ ಪೇಸ್ಟ್‌ಲೇನ ದಿನಾ ಎರಡು ಹೊತ್ತು ತಿಕ್ಕತಾಳ್ರಿ. ಬಾಯಿನೂ ಮುಕ್ಕಳಿಸಂಗಿಲ್ಲ."

ನಾನು ಪೇಸ್ಟ್ ಕೊಟ್ಟೇ ಇರಲಿಲ್ಲ. ಕೊಟ್ಟಿದ್ದು ಜೆಲ್. ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ಬಿಲ್ಲೆ) ಸುತ್ತ ಬಿಳಿ ಕಲೆ ಬೀಳತೊಡಗಿತ್ತು, ಹುಳುಕಿನ ಮೊದಲ ಗುರುತು ಅದು. ಅದಕ್ಕೆ ಆಮ್ಲ ಬೆರೆಸಿದ ಫ್ಲೋರೈಡ್ ಜೆಲ್ ಹಚ್ಚುತ್ತೇವೆ. ಕ್ಲಿನಿಕ್‌ನಲ್ಲಿ ನಾವೇ ನಾಲ್ಕು ನಿಮಿಷ ಹಚ್ಚಿ ತೆಗೆಯಬೇಕಾದ್ದು. ಇಂಡಿಯಿಂದ ಪದೇ ಪದೇ ಬರೋದು ಕಷ್ಟ ಅಂತ ಟ್ಯೂಬನ್ನೇ ಕೈಗೆ ಕೊಟ್ಟುಬಿಟ್ಟಿದ್ದೆ. ಚೀಟಿಯಲ್ಲಿ ಬರೆದೂ ಇರಲಿಲ್ಲ. ತಪ್ಪು ಪೂರ್ತಿ ನನ್ನದೇ. ತಂತಿ ಹಾಳಾಗಲಿ, ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಮೊದಲೇ ಫ್ಲೋರೈಡ್ ಜಾಸ್ತಿ. ಅದರ ಮೇಲೆ ಇದೂ ಹೊಟ್ಟೆಗೆ ಹೋಯಿತಲ್ಲ ಅಂತ ಬೆವರಿದೆ. ಟ್ಯೂಬ್ ಅಲ್ಲೇ ವಾಪಸ್ ತೆಗೆದುಕೊಂಡೆ.

ಅವಳಿಗೆ ಹಾಕಿದ್ದು 0.016 ಇಂಚಿನ ನೈಟೈ ತಂತಿ, ಅಂದರೆ ಹೆಚ್ಚುಕಡಿಮೆ ಅರ್ಧ ನಿಕಲ್, ಅರ್ಧ ಟೈಟಾನಿಯಂ. ಇದು ಬಾಯಲ್ಲಿ ತಿಂಗಳುಗಟ್ಟಲೆ ತುಕ್ಕು ಹಿಡಿಯದೆ ಇರೋದು ಮೇಲೆ ತಾನಾಗಿ ಕಟ್ಟಿಕೊಳ್ಳುವ ಟೈಟಾನಿಯಂ ಆಕ್ಸೈಡ್ ಪೊರೆಯಿಂದ. ಉಪ್ಪು, ಹುಳಿ ಎಲ್ಲವನ್ನೂ ಅದು ಸುಮಾರಾಗಿ ತಡೆಯುತ್ತದೆ. ಆದರೆ ಫ್ಲೋರೈಡ್ ಆಮ್ಲದ ಜೊತೆ ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಅದರ ಮುಂದೆ ಈ ಪೊರೆ ನಿಲ್ಲುವುದಿಲ್ಲ. ಪೊರೆ ಹೋದ ಮೇಲೆ ಲೋಹದೊಳಗೆ ಹೈಡ್ರೋಜನ್ ಸೇರಿಕೊಂಡು ತಂತಿ ಪೆಡಸಾಗುತ್ತದೆ.

ಇದೆಲ್ಲ ಓದಿದ್ದೇ. ಕಣ್ಣಾರೆ ನೋಡಿರಲಿಲ್ಲ. ಹಾಗಾಗಿ ಕತ್ತರಿಸಿ ಉಳಿದ ಹೊಸ ತಂತಿಯ ತುಂಡುಗಳನ್ನು ಎರಡೆರಡು ಸೆಂಟಿಮೀಟರ್ ಮಾಡಿಕೊಂಡೆ: ಸ್ಟೀಲ್, ನೈಟೈ, ನಿಕಲ್ ಇಲ್ಲದ ಬೀಟಾ ಟೈಟಾನಿಯಂ. ಗಾಜಿನ ಬಾಟ್ಲಿ ಬೇಡ, ಆಮ್ಲದ ಫ್ಲೋರೈಡ್ ಗಾಜನ್ನೂ ಕೊರೆಯುತ್ತದೆ. ಪಕ್ಕದ ಲ್ಯಾಬ್‌ನಿಂದ ಮೂತ್ರ ಪರೀಕ್ಷೆಯ ಪ್ಲಾಸ್ಟಿಕ್ ಡಬ್ಬಿ ತಂದೆ. (ಹೊಸವು, ಗಾಬರಿ ಬೇಡ.) ಒಂದರಲ್ಲಿ ಸುಮ್ನೆ ನೀರು, ಒಂದರಲ್ಲಿ ನೀರಿಗೆ ಕದಡಿದ ಪೇಸ್ಟ್, ಇನ್ನೊಂದರಲ್ಲಿ ಜೆಲ್. ದಿನಕ್ಕೆ ನಾಲ್ಕು ನಿಮಿಷ ಹಲ್ಲು ತಿಕ್ಕಿದರೆ ಮೂರು ತಿಂಗಳಿಗೆ ಆರು ತಾಸು. ಅಷ್ಟೇ ಹೊತ್ತು ಬಿಟ್ಟೆ.

ಪಿಎಚ್ ಕಾಗದ ಅದ್ದಿದರೆ ಪೇಸ್ಟ್ 8ರ ಹತ್ತಿರ, ಜೆಲ್ 4ಕ್ಕಿಂತ ಕೆಳಗೆ (7ಕ್ಕಿಂತ ಕೆಳಗಿಳಿದಷ್ಟೂ ಆಮ್ಲ ಜಾಸ್ತಿ). ಫ್ಲೋರೈಡ್ ಲೆಕ್ಕವೂ ಹಾಗೇ. ನಮ್ಮ ದೇಶದಲ್ಲಿ ಪೇಸ್ಟ್‌ಗೆ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಮಿತಿ, ಜೆಲ್‌ನಲ್ಲಿ 12,300. ಕುಡಿಯುವ ನೀರಿಗೆ 1.5 ದಾಟಬಾರದು.

ಪೇಸ್ಟ್‌ನಲ್ಲಿದ್ದ ಮೂರೂ ತುಂಡು ತೊಳೆದಾಗ ಹಾಕಿದಾಗಿನಂತೆಯೇ ಮಿಂಚಿದವು. ಜೆಲ್‌ನಿಂದ ತೆಗೆದ ನೈಟೈ ಮಬ್ಬಾಗಿತ್ತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನೋಡಿದರೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಗುಳಿಗಳು. ಬೀಟಾ ಟೈಟಾನಿಯಂ ಕಪ್ಪಗೆ ತಿರುಗಿತ್ತು. ಸ್ಟೀಲ್‌ನಲ್ಲಿ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ತೂಕ ಇಳಿದಿದೆಯೇ ನೋಡೋಣ ಅಂತ ಪರಿಚಯದ ಪತ್ತಾರರ ಅಂಗಡಿಗೂ ಒಯ್ದೆ. ತುಂಡಿನ ತೂಕವೇ 17 ಮಿಲಿಗ್ರಾಂ, ಅವರ ತಕ್ಕಡಿ ತೋರಿಸೋದು ಒಂದೊಂದು ಮಿಲಿಗ್ರಾಂ ಲೆಕ್ಕದಲ್ಲಿ. ಏನೂ ತಿಳಿಯಲಿಲ್ಲ. "ಬಂಗಾರ ಅಲ್ಲಲ್ಲ, ಬಿಡ್ರಿ ಡಾಕ್ಟ್ರೇ" ಅಂದರು.

ಒಂದು ನೈಟೈ ತುಂಡನ್ನು ಜೆಲ್‌ನಲ್ಲೇ ಮರೆತು ಶನಿವಾರ ಮನೆಗೆ ಹೋಗಿದ್ದೆ. ಸೋಮವಾರ ಇಕ್ಕಳದಲ್ಲಿ ಹಿಡಿದು ಬಗ್ಗಿಸಿದೆ. ಪಟ್ ಅಂತ ಮುರಿಯಿತು. ಹೊಸ ನೈಟೈ ಹಾಗೆ ಮುರಿಯುವುದಿಲ್ಲ, ಬಗ್ಗಿ ಜಿಗಿದು ನೆಟ್ಟಗಾಗುತ್ತದೆ. ಡಬ್ಬಿ ಬಾಯಲ್ಲ, ಎಂಜಲಿಲ್ಲ, ಎರಡು ದಿನ ಯಾರೂ ಜೆಲ್ ಬಾಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಹುಡುಗಿಯ ತಂತಿ ಇದರಿಂದಲೇ ಮುರಿಯಿತು ಅಂತ ನಾನು ಆಣೆ ಮಾಡಲಾರೆ. ಅವರದು ಲಿಂಬಿ ತೋಟ, ದಿನಕ್ಕೆ ಮೂರು ನಾಲ್ಕು ಶರಬತ್ತು. ಅನುಮಾನ ಮಾತ್ರ ಗಟ್ಟಿಯಾಯಿತು.

ಈಗ ಜೆಲ್ ಯಾರ ಕೈಗೂ ಕೊಡುವುದಿಲ್ಲ. ಬೇಕಾದರೆ ಆಮ್ಲವಿಲ್ಲದ್ದನ್ನು ನಾನೇ ಹಚ್ಚುತ್ತೇನೆ. ಹುಳಿ ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ತಾಸು ಬಿಟ್ಟು ತಿಕ್ಕಿ ಅನ್ನುತ್ತೇನೆ.

ಇಷ್ಟರಲ್ಲಿ ಇನ್ನೊಂದು ಎಡವಟ್ಟಾಯಿತು. ಕಾಯುವ ಕೋಣೆಯಲ್ಲಿ ಮಾತು ಹರಡಿ, "ಪೇಸ್ಟ್‌ನಿಂದ ತಂತಿ ಕರಗ್ತದಂತ" ಎಂದು ಒಬ್ಬ ಹುಡುಗ ಪೇಸ್ಟ್ ಬಿಟ್ಟು ಇದ್ದಿಲು-ಉಪ್ಪು ಹಿಡಿದಿದ್ದ. ಒಂದೂವರೆ ತಿಂಗಳಿಗೆ ಬ್ರಾಕೆಟ್ ಸುತ್ತ ಬಿಳಿ ಉಂಗುರ. ತಂತಿ ಹೋದರೆ ಬೇರೆ ಹಾಕಬಹುದು, ಹಲ್ಲಿಗೆ ಅದು ಆಗುತ್ತದೆಯೇ? ಆ ತುಂಡುಗಳನ್ನು ಈಗ ಟೇಬಲ್ ಮೇಲೇ ಇಟ್ಟಿದ್ದೇನೆ. ಪೇಸ್ಟ್ ಬೇಡ ಅನ್ನುವವರ ಕೈಗೆ ಲೂಪ್ ಕೊಟ್ಟು ನೋಡಿ ಅನ್ನುತ್ತೇನೆ.

ಇಂಡಿಯ ಹುಡುಗಿಗೆ ಹೊಸ ತಂತಿ ಹಾಕಿ ನಾಲ್ಕು ತಿಂಗಳಾಯಿತು, ಮುರಿದಿಲ್ಲ. ರೊಟ್ಟಿಯನ್ನು ಮಾತ್ರ ಈಗ ನೆನೆಸದೆ ಕಟಕಟ ತಿನ್ನುತ್ತಾಳೆ ಅಂತ ತಾಯಿಯ ದೂರು.