ಕಂಪನಿ ಶುರು ಮಾಡದೇನೇ ಉದ್ಯಮಿ ಥರ ಯೋಚ್ನೆ ಮಾಡೋದು – ನನ್ನ ಅನುಭವ

ಉದ್ಯಮ ಅಂದ ತಕ್ಷಣ ನಮ್ಮ ಕಡೆ ಎಲ್ರಿಗೂ ನೆನಪಾಗೋದು ಬ್ಯಾಂಕ್ ಲೋನು, ಜಿಎಸ್‌ಟಿ, ಇಲ್ಲಾಂದ್ರೆ ಹೋಂಸ್ಟೇ. ನಂದು ಅದ್ಯಾವುದೂ ಇಲ್ಲ. ಕೊಡಗಿನ ನಾಪೋಕ್ಲು ಕಡೆ ಸಣ್ಣದೊಂದು ರೊಬಸ್ಟಾ ಕಾಫಿ ತೋಟ, ಮನೆ, ಮಕ್ಕಳು, ಸ್ವಸಹಾಯ ಸಂಘ, ಅಷ್ಟೇ. ಆದ್ರೂ ಯೋಚ್ನೆ ಮಾಡೋ ರೀತಿ ಬದಲಾದ್ರೆ ಇಷ್ಟರಲ್ಲೇ ಎಷ್ಟೋ ಮಾಡಬಹುದು ಅಂತ ನಂಗೆ ಈಗ ಗಟ್ಟಿಯಾಗಿ ಅನ್ಸುತ್ತೆ.

ಶುರುವಾಗಿದ್ದು ಕಾಫಿ ಮಾರೋದ್ರಿಂದ. ನಮ್ಮಲ್ಲಿ ಚೆರಿ, ಅಂದ್ರೆ ಕಾಫಿ ಹಣ್ಣು, ಒಣಗಿಸಿ ಮೂಟೆ ಕಟ್ಟಿ ಕೊಡ್ತೀವಿ, ವ್ಯಾಪಾರಿ ಸ್ಯಾಂಪಲ್ ತೆಗೆದು ಓಟಿ ಇಷ್ಟು ಅಂತಾರೆ, ನಾವು ತಲೆ ಆಡಿಸ್ತೀವಿ. ಓಟಿ ಅಂದ್ರೆ 50 ಕೆಜಿ ಒಣ ಚೆರಿ ಬ್ಯಾಗಿಂದ ಎಷ್ಟು ಕೆಜಿ ಬೇಳೆ (ಸಿಪ್ಪೆ ತೆಗೆದ ಕಾಫಿ ಬೀಜ) ಸಿಗುತ್ತೆ ಅನ್ನೋ ಲೆಕ್ಕ, ಒಂದು ಪಾಯಿಂಟ್ ಕಮ್ಮಿ ಅಂದ್ರೆ ಪ್ರತಿ ಬ್ಯಾಗಿಗೆ ಒಂದು ಕೆಜಿ ಬೇಳೆ ದುಡ್ಡು ಹೋಯ್ತು ಅಂತ. ಇದನ್ನ ನಾನೇ ಯಾಕೆ ನೋಡಬಾರ್ದು ಅನ್ನಿಸ್ತು. ಬೇರೆ ಬೇರೆ ಮೂಟೆಯಿಂದ ಒಂದೊಂದು ಹಿಡಿ ತೆಗೆದು ಬೆರೆಸಿ ಅದರಲ್ಲಿ 500 ಗ್ರಾಂ ತೂಗಿ, ಕುಟ್ಟಿ ಸಿಪ್ಪೆ ತೂರಿ ಬೇಳೆ ಮತ್ತೆ ತೂಗಿದ್ರೆ ಆಯ್ತು, 270 ಗ್ರಾಂ ಬಂದ್ರೆ ಓಟಿ 27. ಅಡುಗೆಮನೆ ತಕ್ಕಡಿ ಸಾಕು. ಈ ನಂಬರ್ ಕೈಲಿಟ್ಕೊಂಡು ಹೋದ್ರೆ ಮಾತಾಡೋ ಧೈರ್ಯವೇ ಬೇರೆ, ಒಂದು ಕಡೆ ಒಪ್ಪದಿದ್ರೆ ಇನ್ನೊಂದು ಕಡೆ ಕೇಳೋಕೂ ಆಗುತ್ತೆ.

ಆಮೇಲೆ ಕಾಚಂಪುಳಿ, ಅಂದ್ರೆ ಪಣಪುಳಿ ಹಣ್ಣಿನ ರಸ ಕುದಿಸಿ ಮಾಡೋ ನಮ್ಮ ಅಡುಗೆ ಹುಳಿ. ಮಳೆಗಾಲದಲ್ಲಿ ಮರದಡಿ ಪಣಪುಳಿ ಹಣ್ಣು ಬಿದ್ದು ಕೊಳೀತಿತ್ತು, ನಮ್ಮ ಮನೆಗೆ ಬೇಕಾದಷ್ಟು ಮಾತ್ರ ರಸ ಇಳಿಸಿ ಕಪ್ಪಗೆ ಗಟ್ಟಿ ಆಗೋವರೆಗೂ ಕುದಿಸಿ ಇಟ್ಕೋತಿದ್ವಿ. ಪಂದಿ ಕರಿ (ಹಂದಿ ಮಾಂಸದ ಸಾರು) ತಿಂದ ಹೋಂಸ್ಟೇ ಗೆಸ್ಟುಗಳು ಈ ಹುಳಿ ಎಲ್ಲಿ ಸಿಗುತ್ತೆ ಅಂತ ಕೇಳ್ತಾರೆ ಅಂತ ಪರಿಚಯದವರು ಹೇಳಿದಾಗ, ಮೆಷಿನ್ನು, ಲೇಬಲ್ಲು, ಬ್ರ್ಯಾಂಡು ಅಂತ ಹೋಗ್ಲಿಲ್ಲ. ಒಂದೇ ಪ್ರಶ್ನೆ ಹಾಕ್ಕೊಂಡೆ: ಇದರಲ್ಲಿ ಎಷ್ಟು ದುಡ್ಡು ಹೋದ್ರೂ ಮನೆ ಖರ್ಚಿಗೆ ತೊಂದ್ರೆ ಆಗಲ್ಲ? ಸೌದೆ ತೋಟದ್ದೇ, ಹಣ್ಣು ನಮ್ದೇ, ಹೋಗೋದು ಬಾಟಲಿ ದುಡ್ಡು ಮಾತ್ರ. ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ) ಬೇಸಿಕ್ ರಿಜಿಸ್ಟ್ರೇಷನ್ ಮಾಡಿಸ್ಕೊಂಡೆ, ತಿನ್ನೋ ಪದಾರ್ಥ ಮಾರೋಕೆ ಅದು ಬೇಕೇ ಬೇಕು. ದೊಡ್ಡದು ಸಣ್ಣದು ಎರಡೂ ಸೈಜ್ ಇಟ್ಟು ನೋಡಿದೆ. ಒಂದು ಸಲದ ಅಡುಗೆಗೆ ಒಂದೆರಡು ಚಮಚ ಸಾಕಾಗೋ ಹುಳಿ ಇದು, ಬೆಂಗಳೂರಿನವರು ದೊಡ್ಡ ಬಾಟಲಿ ತಗೊಂಡು ಏನು ಮಾಡ್ತಾರೆ, ಸಣ್ಣದೇ ಖಾಲಿ ಆಯ್ತು. ಈ ವಿಷಯ ಮನೇಲಿ ಕೂತು ಎಷ್ಟು ಯೋಚಿಸಿದ್ರೂ ಗೊತ್ತಾಗ್ತಿರಲಿಲ್ಲ.

ಆಮೇಲೆ ಓದಿದೆ, ಅಮೆರಿಕದ ವರ್ಜೀನಿಯಾ ಯೂನಿವರ್ಸಿಟಿಯ ಸರಸ್ ಸರಸ್ವತಿ ಅನ್ನೋ ಪ್ರೊಫೆಸರ್ 27 ಜನ ಅನುಭವಿ ಉದ್ಯಮಿಗಳು ಹೇಗೆ ಯೋಚಿಸ್ತಾರೆ ಅಂತ ಸ್ಟಡಿ ಮಾಡಿದ್ದಾರಂತೆ. ಅವರು ಲಾಭ ಎಷ್ಟು ಬರುತ್ತೆ ಅಂತ ಮೊದಲು ಲೆಕ್ಕ ಹಾಕೋರಲ್ಲ, ನಾನು ಯಾರು, ನಂಗೇನು ಗೊತ್ತು, ಯಾರು ಗೊತ್ತು ಅಂತ ಕೈಲಿರೋದ್ರಿಂದ ಶುರು ಮಾಡ್ತಾರೆ, ಎಷ್ಟು ಕಳ್ಕೊಂಡ್ರೆ ತಡ್ಕೋಬಹುದು ಅಂತ ನೋಡ್ತಾರೆ ಅಂತ. ತುಂಬಾ ಖುಷಿ ಆಯ್ತು ಓದಿ, ನಮ್ಮ ಅಜ್ಜಿಯಂದಿರು ಮನೆ ನಡೆಸಿದ್ದು ಹೀಗೇ ಅಲ್ವಾ.

ಈಗ ಇದು ಅಭ್ಯಾಸ ಆಗಿದೆ. ಸಂಘದ ಮೀಟಿಂಗಲ್ಲಿ ಯಾರಾದ್ರೂ ಕಷ್ಟ ಹೇಳ್ಕೊಂಡ್ರೆ ಬರೆದಿಟ್ಕೋತೀನಿ, ಇಬ್ರು ಮೂವರು ಅದನ್ನೇ ಹೇಳಿದ್ರೆ ಅಲ್ಲೇನೋ ಕೆಲಸ ಇದೆ ಅಂತ ಅರ್ಥ. ಮಗಳಿಗೂ ಬರೀ ಬೇಕು ಅಂದ್ರೆ ಕೊಡಲ್ಲ, ಹೇಗೆ ಹೊಂದಿಸ್ಬಹುದು ಹೇಳು ಅಂತೀನಿ, ಅವಳ ಐಡಿಯಾಗಳು ಎಷ್ಟೋ ಸಲ ನಂದಕ್ಕಿಂತ ಚೆನ್ನಾಗಿರುತ್ತೆ.

ಈ ವರ್ಷ ಕಾಳುಮೆಣಸು ನೋಡ್ಬೇಕು ಅಂತಿದೀನಿ, ಜೊಳ್ಳು ಬೇರೆ ಮಾಡಿ ಲೀಟರ್ ತೂಕ (ಒಂದು ಲೀಟರ್ ಅಳತೆಯ ಮೆಣಸು ಎಷ್ಟು ಗ್ರಾಂ ತೂಗುತ್ತೆ ಅಂತ) ನೋಡಿ ಕೊಟ್ರೆ ರೇಟಲ್ಲಿ ವ್ಯತ್ಯಾಸ ಬರುತ್ತಾ ಅಂತ, ಮೊದಲು ಒಂದೇ ಮೂಟೆ.